ಬೆಂಗಳೂರು ಮಾರಿ ಶಿರಾ ಇಟ್ಟುಕೊಂಡವನು

ಶುಕ್ರವಾರ ಸಂಜೆ ಐದಾದರೆ ನಮ್ಮ ಟೀಮಿನಲ್ಲಿ ಪ್ರೊಡಕ್ಷನ್ ಬಗ್‌ಗಿಂತ ಗಂಭೀರವಾಗಿ ನಡೆಯುವ ಚರ್ಚೆ ಒಂದೇ: ವೀಕೆಂಡ್ ಎಲ್ಲಿಗೆ? ಒಬ್ಬ ಚಿಕ್ಕಮಗಳೂರು ಅಂತಾನೆ, ಇನ್ನೊಬ್ಬಳು ಪಾಂಡಿಚೇರಿ ಅಂತಾಳೆ. ಜಾಗ ಯಾವುದಾದರೂ ಬೇಡಿಕೆ ಮಾತ್ರ ಬದಲಾಗಲ್ಲ. ಕಿವಿಗೆ ಹಾಡು ಬೇಕು, ಬಾಯಿಗೆ ಊಟ ಬೇಕು, ಕಾಲಿಗೆ ಹತ್ತಲು ಒಂದು ಬೆಟ್ಟವೋ ಅಡ್ಡಾಡಲು ಒಂದು ತೋಟವೋ ಬೇಕು. ಒಟ್ಟಿನಲ್ಲಿ ಜೀವ ಇರೋ ಊರು.

"ನಿಮ್ಮ ಕಡೆ ಏನಿದೆ?" ಅಂತ ನನ್ನನ್ನೂ ಆಗಾಗ ಕೇಳ್ತಾರೆ. ನಮ್ಮದು ಶಿರಾ ತಾಲ್ಲೂಕಿನ ಒಂದು ಹಳ್ಳಿ. ಹತ್ತು ವರ್ಷದಿಂದ ಒಂದೇ ಉತ್ತರ ಕೊಡುತ್ತಾ ಬಂದಿದ್ದೇನೆ: "ಏನೂ ಇಲ್ಲ ಮಾರಾಯ. ಬಿಸಿಲು, ಜಾಲಿಗಿಡ, ಕಡ್ಲೇಕಾಯಿ ಹೊಲ. ಅಷ್ಟೇ." ಎಲ್ಲರೂ ನಗ್ತಾರೆ, ನಾನೂ ನಗ್ತೀನಿ.

ಆ ಉತ್ತರ ತಪ್ಪು ಅಂತ ಗೊತ್ತಾಗಿದ್ದು ಜಮೀನು ಮಾರಲು ಹೊರಟಾಗ.

ವಿಷಯ ಇಷ್ಟೇ. ಬೆಂಗಳೂರಿನಲ್ಲಿ ಒಂದು ಫ್ಲ್ಯಾಟಿಗೆ ಅಡ್ವಾನ್ಸ್ ಕೊಟ್ಟಿದ್ದೆ. ಸಾಲದ ಲೆಕ್ಕ ಹಾಕಿದಾಗ ಕೈ ಸಾಲದು ಅನ್ನಿಸಿತು. ಊರಲ್ಲಿ ನಾಲ್ಕು ಎಕರೆ ಇದೆ. ಅದರಲ್ಲಿ ರೋಡಿಗೆ ಹತ್ತಿರದ ಎರಡು ಎಕರೆಗೆ ಗಿರಾಕಿ ಇದ್ದರು. ಅಪ್ಪನಿಗೆ ಫೋನ್ ಮಾಡಿ ಹೇಳಿದೆ. ಅವರು ಬೇಡ ಅನ್ನಲಿಲ್ಲ, ಆಯ್ತು ಅಂತಾನೂ ಅನ್ನಲಿಲ್ಲ. "ಪತ್ರ ಎಲ್ಲ ಸರಿ ಮಾಡಿಸ್ಕಳಪ್ಪ, ನೋಡಾಣ" ಅಂದರು. ಸರಿ, ಹಳೇ ಸರ್ವೆ ದಾಖಲೆ ಹೇಗೆ ಓದಬೇಕು ಅಂತ ರಾತ್ರಿ ಕೂತು ಹುಡುಕುತ್ತಾ ಹೋದೆ. ಒಂದು ಲಿಂಕಿನಿಂದ ಇನ್ನೊಂದಕ್ಕೆ ಜಾರುತ್ತಾ ಬಿ. ಎಲ್. ರೈಸ್ 19ನೇ ಶತಮಾನದಲ್ಲಿ ಬರೆದ ಮೈಸೂರು ಗೆಜೆಟಿಯರಿಗೆ ಬಂದು ಬಿದ್ದೆ. ಹಳೇ ಶಾಸನಗಳನ್ನೆಲ್ಲ ಓದಿ ಪ್ರಕಟಿಸಿದ ಅದೇ ರೈಸ್. ಶಿರಾ ಅನ್ನುವ ಹೆಸರಿನ ಕೆಳಗೆ ಆತ ಬರೆದಿದ್ದನ್ನು ಎರಡು ಸಲ ಓದಿದೆ. ಲಾಲ್‌ಬಾಗಿಗೆ ಮಾದರಿ ಶಿರಾದ ಖಾನ್‌ಬಾಗ್ ಇರಬಹುದು ಅಂತಿದೆ ಅಲ್ಲಿ. ನಾನು ಭಾನುವಾರ ಬೆಳಿಗ್ಗೆ ಓಡಲು ಹೋಗ್ತೀನಲ್ಲ, ಆ ಲಾಲ್‌ಬಾಗು!

ಅಲ್ಲಿಂದ ಹಿಂದಕ್ಕೆ ಹೋದರೆ ಇನ್ನೂ ದೊಡ್ಡ ತಮಾಷೆ ಕಾದಿತ್ತು.

1687ರ ಜುಲೈ. ಅದಕ್ಕೆ ಒಂದು ವರ್ಷ ಮುಂಚೆ ಔರಂಗಜೇಬ ಬಿಜಾಪುರವನ್ನು ಗೆದ್ದಿದ್ದ. ಬಿಜಾಪುರದ ಕೈಯಲ್ಲಿದ್ದ ಕರ್ನಾಟಕದ ಸೀಮೆಯನ್ನೆಲ್ಲ ಹಿಡಿಯಲು ಖಾಸಿಂ ಖಾನ್ ಅನ್ನುವ ಸೇನಾಪತಿ ಬಂದ. ಆಗ ಬೆಂಗಳೂರು ಶಿವಾಜಿಯ ಮಲತಮ್ಮ ಏಕೋಜಿಯ ಕೈಯಲ್ಲಿತ್ತು. ಏಕೋಜಿ ತಂಜಾವೂರಿನಲ್ಲಿ ಬೀಡುಬಿಟ್ಟಿದ್ದ. ಇಷ್ಟು ದೂರದ ಊರನ್ನು ಕಾಯುವುದು ಕಷ್ಟ ಅಂತ ಬೆಂಗಳೂರನ್ನು ಮೂರು ಲಕ್ಷಕ್ಕೆ ಮೈಸೂರಿನ ಚಿಕ್ಕದೇವರಾಜ ಒಡೆಯರಿಗೆ ಮಾರುವ ಮಾತುಕತೆ ನಡೆಸಿದ್ದ. ವ್ಯಾಪಾರ ಮುಗಿಯುವ ಮೊದಲೇ ಖಾಸಿಂ ಖಾನ್ ನುಗ್ಗಿ ಊರು ಹಿಡಿದ. ಹಿಡಿದವನು ಏನು ಮಾಡಿದ? ಅದೇ ಮೂರು ಲಕ್ಷಕ್ಕೆ ಅದೇ ಗಿರಾಕಿಗೆ ಬೆಂಗಳೂರನ್ನು ದಾಟಿಸಿದ. ಬಾವುಟ ಬದಲಾಯಿತು, ರೇಟು ಬದಲಾಗಲಿಲ್ಲ. ಇವತ್ತಿನ ಯಾವ ರಿಯಲ್ ಎಸ್ಟೇಟ್ ಏಜೆಂಟೂ ಇಷ್ಟು ಬೇಗ ಕೈ ಬದಲಾಯಿಸಿರಲಾರ.

ಬೆಂಗಳೂರು ಮಾರಿದವನು ತನ್ನ ರಾಜಧಾನಿಗೆ ಇಟ್ಟುಕೊಂಡಿದ್ದು ಶಿರಾವನ್ನು.

ಇದನ್ನು ಓದಿ ನಾನು ಒಬ್ಬನೇ ನಕ್ಕೆ. ಹೆಂಡತಿ ರೂಮಿನಿಂದ "ಏನಾಯ್ತು?" ಅಂದಳು. "ಖಾಸಿಂ ಖಾನನಿಗೆ ಮಾರ್ಕೆಟ್ ಸೆನ್ಸ್ ಇರಲಿಲ್ಲ" ಅಂದೆ. ಆಮೇಲೆ ಯೋಚಿಸಿದರೆ, ಅವನ ಕಾಲಕ್ಕೆ ಅವನ ಲೆಕ್ಕವೇ ಸರಿ ಇತ್ತು. ಬೆಂಗಳೂರು ಆಗ ಮಣ್ಣಿನ ಕೋಟೆಯ ಒಂದು ಪೇಟೆ, ದಕ್ಷಿಣದ ಮೂಲೆಗಿತ್ತು. ಶಿರಾ ಮಾತ್ರ ದಖ್ಖನಿನಿಂದ ಇಳಿದು ಬರುವ ದಾರಿಯ ಮೇಲೆಯೇ ಇತ್ತು. ಇವತ್ತು ಮುಂಬೈಯಿಂದ ಪುಣೆ ದಾಟಿ ಬರುವ ಲಾರಿ ಕೂಡ ಶಿರಾ ಮೇಲೇ ತಾನೆ ಬರೋದು?

ಊರು ಅವನು ಕಟ್ಟಿದ್ದಲ್ಲ. ರತ್ನಗಿರಿಯ ಪಾಳೆಯಗಾರ ಕಸ್ತೂರಿ ರಂಗಪ್ಪ ನಾಯಕ ಕೋಟೆಗೆ ಬುನಾದಿ ಹಾಕಿದ. ಕೋಟೆ ಮುಗಿಯುವ ಮೊದಲೇ, 1638ರಲ್ಲಿ, ಬಿಜಾಪುರದ ರಣದುಲ್ಲಾ ಖಾನ್ ಬಂದು ಕಸಿದುಕೊಂಡ. ಬೆಂಗಳೂರನ್ನು ಕೆಂಪೇಗೌಡರ ವಂಶದಿಂದ ಕಸಿದುಕೊಂಡವನೂ ಅವನೇ, ಅದೇ ವರ್ಷ. ಅಂದರೆ ಎರಡೂ ಊರಿನ ಜಾತಕ ಒಂದೇ ಕೈಯಿಂದ ಬರೆದ ಹಾಗಿದೆ, ಐವತ್ತು ವರ್ಷ ಒಂದೇ ದಾರಿ. 1687ರಲ್ಲಿ ದಾರಿ ಕವಲೊಡೆಯಿತು.

ಮುಂದಿನ ಎಪ್ಪತ್ತು ವರ್ಷ, 1757ರವರೆಗೆ, ಶಿರಾ ಮೊಗಲರ ಒಂದು ಸುಬಾದ ರಾಜಧಾನಿ. ಬಸವಾಪಟ್ಟಣ, ಬೂದಿಹಾಳ, ಶಿರಾ, ಪೆನುಕೊಂಡ, ದೊಡ್ಡಬಳ್ಳಾಪುರ, ಹೊಸಕೋಟೆ, ಕೋಲಾರ ಇವು ಏಳು ಪರಗಣೆ. ಚಿತ್ರದುರ್ಗ, ಬಿದನೂರು, ಹರಪನಹಳ್ಳಿ, ಕೊನೆಗೆ ಮೈಸೂರು ಕೂಡ ಕಪ್ಪ ಕೊಡಬೇಕಾದ ಸಂಸ್ಥಾನಗಳ ಪಟ್ಟಿಯಲ್ಲಿದ್ದವು. ಇವತ್ತು ವೈಟ್‌ಫೀಲ್ಡಿನಲ್ಲಿ ಕೂತು ಸೈನ್ ಇನ್ ಮಾಡುವ ನನ್ನ ಸಹೋದ್ಯೋಗಿಗಳು ಆ ಕಾಲದಲ್ಲಿ ಇದ್ದಿದ್ದರೆ ಹೊಸಕೋಟೆ ಪರಗಣೆಯ ಆಸುಪಾಸಿನವರಾಗಿ ಯಾವುದಾದರೂ ಕಾಗದಕ್ಕೆ ಮೊಹರು ಹಾಕಿಸಿಕೊಳ್ಳಲು ಶಿರಾಗೆ ಬರಬೇಕಿತ್ತು. ಹೆಡ್ ಆಫೀಸು ನಮ್ಮೂರು!

ಖಾಸಿಂ ಖಾನನಿಗೆ ಮಾತ್ರ ರಾಜಧಾನಿಯ ಸುಖ ಬಹಳ ದಿನ ಸಿಗಲಿಲ್ಲ. 1695ರಲ್ಲಿ ಚಳ್ಳಕೆರೆ ಹತ್ತಿರದ ದೊಡ್ಡೇರಿಯಲ್ಲಿ ಮರಾಠರ ಸಂತಾಜಿ ಘೋರ್ಪಡೆ ಅವನನ್ನು ಸುತ್ತುಗಟ್ಟಿದ. ಆ ಕೋಟೆಯೊಳಗೇ ಸತ್ತ. ಆಮೇಲೆ ಬಂದ ಸುಬೇದಾರರಲ್ಲಿ ಶಿರಾ ಮೆರೆದಿದ್ದು ದಿಲಾವರ್ ಖಾನನ ಕಾಲದಲ್ಲಿ. ಆಗ ಊರಲ್ಲಿ 50,000 ಮನೆ ಇದ್ದವು ಅಂತ ಜನ ಹೇಳುತ್ತಿದ್ದರು ಅನ್ನುತ್ತಾನೆ ರೈಸ್. ಮನೆಗೆ ಐದು ಜನ ಅಂದರೂ ಎರಡೂವರೆ ಲಕ್ಷ ಆಯಿತು. ನನಗೆ ಈ ಲೆಕ್ಕದ ಮೇಲೆ ಪೂರ್ತಿ ನಂಬಿಕೆ ಇಲ್ಲ. ಆ ಬಿಸಿಲಿನಲ್ಲಿ, ಆ ಕೆರೆಗಳಲ್ಲಿ ಅಷ್ಟು ಜನಕ್ಕೆ ನೀರು ಹೊಂದಿಸಿದ್ದು ಹೇಗೆ? ಆದರೆ ಅರ್ಧಕ್ಕರ್ಧ ಕಳೆದು, ಮತ್ತೆ ಅರ್ಧ ಕಳೆದರೂ ಅದು ದೊಡ್ಡ ಊರೇ. ದಿಲಾವರ್ ಖಾನನ ಅರಮನೆ ಎಷ್ಟು ಚೆನ್ನಾಗಿತ್ತೆಂದರೆ, ಬೆಂಗಳೂರಿನಲ್ಲಿ ಹೈದರ್ ಶುರು ಮಾಡಿದ ಅರಮನೆಗೂ ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಟ್ಟಿಸಿದ ಅರಮನೆಗೂ ಅದೇ ಮಾದರಿಯಾಯಿತು. ಕೋಟೆಯೂ ಅಷ್ಟೇ, ಬೆಂಗಳೂರು ಕೋಟೆಗೆ ಶಿರಾ ಕೋಟೆಯ ನಕ್ಷೆ. ತೋಟವೂ ಅಷ್ಟೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಶಿರಾ ಟೆಂಪ್ಲೇಟು, ಬೆಂಗಳೂರು ಅದರ ಫೋರ್ಕು.

ಹೈದರನಿಗೆ ಶಿರಾ ಪುಸ್ತಕದಲ್ಲಿ ಓದಿದ ಊರಲ್ಲ. ಅವನ ಅಪ್ಪ ಫತೇ ಮಹಮ್ಮದ್ ಇದೇ ಸುಬಾದಲ್ಲಿ ನೌಕರಿ ಮಾಡಿದವನು, ಕೋಲಾರದ ಕಡೆ ಫೌಜುದಾರ. ಹೈದರ್ ಹುಟ್ಟಿ ಬೆಳೆದ ಲೋಕದಲ್ಲಿ 'ಸಿಟಿ' ಅಂದರೆ ಶಿರಾ. 1761ರಲ್ಲಿ ಶಿರಾವನ್ನು ಗೆದ್ದಾಗ ಅವನು ಮಾಡಿಕೊಂಡ ಮೊದಲ ಕೆಲಸಗಳಲ್ಲಿ ಒಂದು 'ಶಿರಾದ ನವಾಬ' ಅನ್ನುವ ಬಿರುದು. ಅದರ ಹಿಂದಿನ ವರ್ಷವಷ್ಟೇ ಬೆಂಗಳೂರಿನಲ್ಲಿ ಲಾಲ್‌ಬಾಗ್ ಹಾಕಿಸಲು ಶುರು ಮಾಡಿದ್ದ. ನನಗೆ ಇದು ತುಂಬಾ ಅರ್ಥವಾಗುತ್ತೆ. ಸಣ್ಣವನಿದ್ದಾಗ ದೂರದಿಂದ ನೋಡಿ ಬೆರಗಾದ ದೊಡ್ಡೂರನ್ನು ಮುಂದೆ ಕೈಯಲ್ಲಿ ದುಡ್ಡು ಬಂದಾಗ ಮನುಷ್ಯ ಮತ್ತೆ ಕಟ್ಟಿಕೊಳ್ಳಲು ನೋಡ್ತಾನೆ. ನಾನು ಫ್ಲ್ಯಾಟಿನಲ್ಲಿ ಆರನೇ ಮಹಡಿಯೇ ಬೇಕು ಅಂತ ಹಟ ಹಿಡಿದಿದ್ದಕ್ಕೂ ಇಂಥದೇ ಕಾರಣ ಇದೆ, ಅದು ಬೇರೆ ಕತೆ.

ಇಷ್ಟು ಓದಿದ ಮೇಲೆ ಸುಮ್ಮನಿರಲಾಗಲಿಲ್ಲ. ಮುಂದಿನ ಶುಕ್ರವಾರ ಸಂಜೆ ಪ್ರಶ್ನೆ ಬಂದಾಗ "ಶಿರಾಗೆ ಹೋಗೋಣ" ಅಂದೆ. ಇಬ್ಬರು ಒಪ್ಪಿದರು. ಒಬ್ಬ ಕೋಲ್ಕತ್ತಾದವನು, ಒಬ್ಬಳು ಮಂಗಳೂರಿನವಳು. ಶನಿವಾರ ಬೆಳಿಗ್ಗೆ ಹೊರಟೆವು. ತುಮಕೂರು ದಾಟಿದ ಮೇಲೆ ಸೀಬಿಯಲ್ಲಿ ನಿಲ್ಲಿಸಿದೆ. ಹೆದ್ದಾರಿ ಪಕ್ಕದ ನರಸಿಂಹಸ್ವಾಮಿ ಗುಡಿ. ನೂರು ಸಲ ಬಸ್ಸಿನಿಂದ ನೋಡಿ ಕೈ ಮುಗಿದಿದ್ದೇನೆ, ಇಳಿದಿದ್ದು ಎರಡೇ ಸಲ. ಟಿಪ್ಪು ಕಾಲದ ಅಧಿಕಾರಿ ಕಚೇರಿ ಕೃಷ್ಣಪ್ಪನ ಮಕ್ಕಳು ಮೂವರು ಕಟ್ಟಿಸಿದ್ದು. ತಲೆ ಎತ್ತಿದರೆ ಛಾವಣಿ ತುಂಬ ಬಣ್ಣದ ಚಿತ್ರ. ಮಂಗಳೂರಿನವಳು ಕತ್ತು ನೋಯುವವರೆಗೂ ನೋಡಿದಳು. "ಏನೂ ಇಲ್ಲ ಅಂದಿದ್ದೆ?" ಅಂದಳು.

ಶಿರಾದಲ್ಲಿ ಮೊದಲು ಹೋಗಿದ್ದು ಮಲಿಕ್ ರಿಹಾನ್ ದರ್ಗಾಕ್ಕೆ. ಬಿಜಾಪುರದ ಕಾಲದ ಅಧಿಕಾರಿ, 1651ರ ಗೋರಿ. ಕೆತ್ತಿದ ಕಲ್ಲು, ಮೇಲೆ ಗುಮ್ಮಟ, ಸುತ್ತ ಬಿಸಿಲು. ಜುಮ್ಮಾ ಮಸೀದಿ ಅದಕ್ಕಿಂತ ನಲವತ್ತೈದು ವರ್ಷ ಚಿಕ್ಕದು, 1696. ಎರಡೂ ಸುತ್ತಮುತ್ತಲಿನ ಗುಡ್ಡದ ಕಲ್ಲಿನವೇ ಅಂತ ಬಣ್ಣ ನೋಡಿದರೇ ಅನ್ನಿಸುತ್ತೆ. ಬಿಜಾಪುರದಿಂದ ಬಂದ ಗುಮ್ಮಟಕ್ಕೆ ನಮ್ಮ ಹೊಲದ ಬದುವಿನ ಕಲ್ಲಿನ ಮೈಬಣ್ಣ. ಅಲ್ಲೇ ಹತ್ತಿರದ ಒಂದು ಸಣ್ಣ ಹೋಟೆಲಿನಲ್ಲಿ ಕುಷ್ಕ, ಪಾಯ ತಿಂದೆವು. ಕೋಲ್ಕತ್ತಾದವನು ಆಲೂಗಡ್ಡೆ ಇಲ್ಲದ್ದು ಬಿರಿಯಾನಿಯೇ ಅಲ್ಲ ಅನ್ನುವ ಜಾತಿ. ಅವನು ಎರಡನೇ ಪ್ಲೇಟು ತರಿಸಿದ, ತಕರಾರು ಮಾತ್ರ ನಿಲ್ಲಿಸಲಿಲ್ಲ.

ಆಮೇಲೆ ಖಾನ್‌ಬಾಗ್ ಹುಡುಕಿದೆವು. ಮೂವರನ್ನು ಕೇಳಿದೆ, ಮೂರು ದಿಕ್ಕು ತೋರಿಸಿದರು. ನಾಲ್ಕನೆಯವರು, ಪಂಕ್ಚರ್ ಅಂಗಡಿಯ ಮುದುಕರು, "ಬಾಗು ಎಲ್ಲೈತಪ್ಪ ಈಗ, ಹೆಸರು ಐತೆ ಅಷ್ಟೆ" ಅಂದರು. ಕೋಟೆಯ ಗೋಡೆ ಇದೆ, ಕಂದಕ ಇದೆ, ಆದರೆ ಲಾಲ್‌ಬಾಗಿನ ಅಮ್ಮ ಎಲ್ಲಿ ಅಂತ ಅತಿಥಿಗಳಿಗೆ ತೋರಿಸಲು ನನ್ನ ಕೈಯಲ್ಲಿ ಆಗಲಿಲ್ಲ. ಗೋಡೆ ಮೇಲೆ ಕೂತು ಕಬ್ಬಿನ ಹಾಲು ಕುಡಿಯುತ್ತಾ ಮಂಗಳೂರಿನವಳು ಕೇಳಿದಳು, "ಇಷ್ಟು ದೊಡ್ಡ ಊರು ಎಲ್ಲಿ ಹೋಯ್ತು?"

ಒಳ್ಳೆ ಪ್ರಶ್ನೆ. ಊರು ಎಲ್ಲಿಗೂ ಹೋಗಲ್ಲ, ಜನ ಹೋಗ್ತಾರೆ. ಶಿರಾದ ಜನ ತಾವಾಗಿ ಹೋದವರಲ್ಲ, ಹೊರಡಿಸಿಕೊಂಡು ಹೋದವರು. ಮೊದಲು ಹೊಡೆತ ಬಿದ್ದಿದ್ದು ಯುದ್ಧಗಳಿಂದ. 1757ರಲ್ಲಿ ಮರಾಠರು ತಗೊಂಡರು, ಎರಡು ವರ್ಷಕ್ಕೆ ಮೊಗಲರಿಗೆ ವಾಪಸ್ ಬಂತು, 1761ರಲ್ಲಿ ಹೈದರ್, ಐದು ವರ್ಷಕ್ಕೆ ಮತ್ತೆ ಮರಾಠರು, 1774ರಲ್ಲಿ ಟಿಪ್ಪು ಅಪ್ಪನ ಪರವಾಗಿ ಮತ್ತೆ ಗೆದ್ದ. ಹದಿನೇಳು ವರ್ಷದಲ್ಲಿ ಐದು ಸಲ ಮಾಲೀಕರು ಬದಲಾದ ಮೇಲೆ ಯಾವ ವ್ಯಾಪಾರಿ ಅಲ್ಲಿ ಅಂಗಡಿ ಇಡ್ತಾನೆ? ಆದರೂ ಊರಲ್ಲಿ ಕುಶಲಿಗಳು, ಲೆಕ್ಕ ಬಲ್ಲವರು, ಕಚೇರಿ ಕೆಲಸ ಬಲ್ಲವರು ಉಳಿದಿದ್ದರು. 1782ರಲ್ಲಿ ಪಟ್ಟಕ್ಕೆ ಬಂದ ಟಿಪ್ಪುವಿಗೆ ಶ್ರೀರಂಗಪಟ್ಟಣದ ದ್ವೀಪದ ಪೂರ್ವಕ್ಕೆ ಶಹರ್ ಗಂಜಾಂ ಅನ್ನುವ ಹೊಸ ಊರು ಕಟ್ಟಬೇಕಿತ್ತು. ಗೋಡೆ ಎಬ್ಬಿಸಬಹುದು, ಬೀದಿ ಅಳೆಯಬಹುದು. ಊರಿಗೆ ಜನ? ಶಿರಾದಿಂದ 12,000 ಕುಟುಂಬಗಳನ್ನು ಬಲವಂತವಾಗಿ ಎಬ್ಬಿಸಿ ಅಲ್ಲಿಗೆ ಕಳಿಸಿದ. ಇದೂ ರೈಸ್ ಕೊಡುವ ಲೆಕ್ಕ.

ಹನ್ನೆರಡು ಸಾವಿರ ಸಂಸಾರ ಅಂದರೆ ಏನು ಅಂತ ಗೋಡೆ ಮೇಲೆ ಕೂತು ಯೋಚಿಸಿದೆವು. ಶಿರಾದಿಂದ ಶ್ರೀರಂಗಪಟ್ಟಣಕ್ಕೆ ನೂರೈವತ್ತು ಕಿಲೋಮೀಟರ್ ಮೇಲಾಗುತ್ತೆ. ಎತ್ತಿನ ಗಾಡಿ, ತಲೆ ಮೇಲಿನ ಗಂಟು, ಕೈಯಲ್ಲಿ ಮಗು. ಸಾಮಾನು ಹೊತ್ತುಕೊಂಡು ಹೋಗಬಹುದು. ಅದರ ಜೊತೆಗೇ ಹೋಗಿಬಿಡೋದು ಬೇರೆ ಇದೆ. ಯಾವ ಬೀದಿಯಲ್ಲಿ ಒಳ್ಳೆ ರೊಟ್ಟಿ ಸಿಗುತ್ತೆ ಅನ್ನೋ ಜ್ಞಾನ, ಮದುವೆಗೆ ವಾದ್ಯದವರನ್ನು ಎಲ್ಲಿಂದ ಕರೆಸಬೇಕು ಅನ್ನೋ ಜ್ಞಾನ, ತೋಟಕ್ಕೆ ನೀರು ಯಾವಾಗ ಬಿಡಬೇಕು ಅನ್ನೋ ಜ್ಞಾನ. ನಾವು 'ಲೈವ್ಲಿ' ಅಂತೀವಲ್ಲ, ಅದು ಇದೇ. ಅದನ್ನೆಲ್ಲ ತಲೆಯಲ್ಲಿಟ್ಟುಕೊಂಡವರು ಎದ್ದು ಹೋದ ಮೇಲೆ ಕೋಟೆ ಇದ್ದೂ ಏನು ಬಂತು? 1800ರಲ್ಲಿ ಫ್ರಾನ್ಸಿಸ್ ಬುಕನನ್ ಈ ದಾರಿಯಲ್ಲಿ ಬರುವ ಹೊತ್ತಿಗೆ ಶಿರಾದ ಮೆರವಣಿಗೆ ಮುಗಿದಿತ್ತು. ಅತ್ತ ಗಂಜಾಂ ಉಳಿಯಿತಾ? ಅದೂ ಇಲ್ಲ. 1799ರಲ್ಲಿ ಟಿಪ್ಪು ಬಿದ್ದ, ರಾಜಧಾನಿ ಮೈಸೂರಿಗೆ ಹೋಯಿತು, ದಂಡು ಬೆಂಗಳೂರಿಗೆ ಬಂತು. ಇವತ್ತು ಗಂಜಾಂ ಅಂದರೆ ಜನಕ್ಕೆ ನೆನಪಾಗೋದು ಅಂಜೂರ.

"ಹಾಗಾದ್ರೆ ನಾವೂ ಹನ್ನೆರಡು ಸಾವಿರದಲ್ಲಿ ಸೇರಿದವರೇ" ಅಂದ ಕೋಲ್ಕತ್ತಾದವನು. "ನಮ್ಮನ್ನ ಯಾರೂ ಬಲವಂತ ಮಾಡಲಿಲ್ವಲ್ಲ" ಅಂದೆ. "ಹೌದಾ?" ಅಂದ. ಅದಕ್ಕೆ ನಾನೇನೂ ಹೇಳಲಿಲ್ಲ. ಇಂಜಿನಿಯರಿಂಗ್ ಮುಗಿಸಿದ ದಿನ ನನ್ನ ಮುಂದೆ ಎರಡು ದಾರಿ ಇತ್ತು ಅಂತ ನನಗಂತೂ ನೆನಪಿಲ್ಲ.

ರಾತ್ರಿ ನಮ್ಮೂರಲ್ಲೇ ತಂಗಿದೆವು. ಅಮ್ಮ ಮುದ್ದೆ, ಹುರುಳಿಕಾಳಿನ ಬಸ್ಸಾರು ಮಾಡಿದ್ದಳು. ಮುದ್ದೆಯನ್ನು ಅಗಿಯಬಾರದು, ನುಂಗಬೇಕು ಅಂತ ಅಪ್ಪ ಅತಿಥಿಗಳಿಗೆ ಕೈಸನ್ನೆಯಲ್ಲೇ ಕ್ಲಾಸು ತಗೊಂಡರು. ಊಟ ಆದ ಮೇಲೆ "ಬತ್ತೀರಾ?" ಅಂತ ಕರೆದರು. ಶಾಲೆ ಅಂಗಳದಲ್ಲಿ 'ಕುರುಕ್ಷೇತ್ರ' ನಾಟಕದ ಪ್ರಾಕ್ಟೀಸು. ತುಮಕೂರು ಸೀಮೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಹಾರ್ಮೋನಿಯಂ ಮೇಷ್ಟ್ರನ್ನು ಗೊತ್ತು ಮಾಡಿ, ಪಾತ್ರಕ್ಕಿಷ್ಟು ಅಂತ ತಮ್ಮ ಕೈಯಿಂದಲೇ ದುಡ್ಡು ಹಾಕಿ, ಪರದೆ, ಪೋಷಾಕು ಬಾಡಿಗೆಗೆ ತಂದು ಆಡುವ ನಾಟಕ. ಗುಬ್ಬಿ ವೀರಣ್ಣ ಹುಟ್ಟಿದ ಜಿಲ್ಲೆ ನಮ್ಮದು, ಆ ಜ್ವರ ಇನ್ನೂ ಇಳಿದಿಲ್ಲ. ನಮ್ಮಪ್ಪ ಭೀಮ. ಅರವತ್ತೆರಡು ವರ್ಷ, ಮಂಡಿ ನೋವು, ಆದರೆ ಕಂದ ಎತ್ತಿದರೆ ಊರ ಬಾಗಿಲಿಗೆ ಕೇಳಬೇಕು. ದುರ್ಯೋಧನ ಬೆಂಗಳೂರಿನಲ್ಲಿ ಕ್ಯಾಬ್ ಓಡಿಸ್ತಾನೆ, ವಾರಕ್ಕೊಮ್ಮೆ ಪ್ರಾಕ್ಟೀಸಿಗೆ ಬರ್ತಾನೆ. ಕೃಷ್ಣನದು ಪೀಣ್ಯದಲ್ಲಿ ಕೆಲಸ. ಇದೇ ಜನ ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರ ಬಾಡಿಗೆಗೆ ಹಿಡಿದು ಆಡ್ತಾರೆ. ಕಲಾಕ್ಷೇತ್ರದ ಮುಂದೆ ರಾತ್ರಿ ಹೊತ್ತು ಬಸ್ಸಿನಿಂದ ಇಳಿಯುವ ಅಜ್ಜಿಯರನ್ನು ನೀವು ನೋಡಿರಬಹುದು. ಅವರು ನಮ್ಮವರು.

ಪ್ರಾಕ್ಟೀಸು ಮುಗಿದ ಮೇಲೆ ಪಕ್ಕದ ಗೊಲ್ಲರಹಟ್ಟಿಯ ತಾತ ಒಬ್ಬರು ಅಲ್ಲೇ ಜಗುಲಿ ಮೇಲೆ ಕೂತಿದ್ದರು. ಅಪ್ಪನ ಒತ್ತಾಯಕ್ಕೆ ಗಣೆ ಊದಿದರು. ಗಣೆ ಅಂದರೆ ಮಾಮೂಲಿ ಕೊಳಲಿಗಿಂತ ಎಷ್ಟೋ ಪಟ್ಟು ಉದ್ದದ ಬಿದಿರಿನ ಕೊಳಲು. ಕಾಡುಗೊಲ್ಲರು ಅದನ್ನು ಊದುತ್ತಾ, ನಿಲ್ಲಿಸಿ ಹಾಡುತ್ತಾ, ಮತ್ತೆ ಊದುತ್ತಾ ಜುಂಜಪ್ಪನ ಕತೆ ಹೇಳುತ್ತಾರೆ. ಜುಂಜಪ್ಪ ದನ ಕಾಯುವ ವೀರ, ಸೋದರಮಾವಂದಿರ ಸಂಚಿಗೆ ಸಿಕ್ಕವನು. ಶಿರಾ ತಾಲ್ಲೂಕಿನ ಕಳುವರಹಳ್ಳಿಯಲ್ಲಿ ಅವನ ಗುಡ್ಡ ಇದೆ. ಇಡೀ ಕತೆ ಹೇಳಲು ರಾತ್ರಿ ಸಾಲದು, ತಾತ ಹೇಳಿದ್ದು ಹತ್ತು ನಿಮಿಷದ್ದು. ಗಣೆಯ ದನಿಯಲ್ಲಿ ಉಸಿರು ಎಷ್ಟೋ, ನಾದ ಅಷ್ಟೇ. ಗಾಳಿ ಬಿದಿರಿನಲ್ಲಿ ಅಡ್ಡಾಡಿ ಬಂದ ಹಾಗೆ. ಕೋಲ್ಕತ್ತಾದವನು ಮೊಬೈಲ್ ತೆಗೆದು ರೆಕಾರ್ಡ್ ಮಾಡಲು ಹೋಗಿ, ಯಾಕೋ ವಾಪಸ್ ಜೇಬಿಗೆ ಹಾಕಿಕೊಂಡ.

ನನಗೆ ಹೊಳೆದಿದ್ದು ಆಗ. ಸುಬೇದಾರನ ಅರಮನೆ ಬಿತ್ತು, ತೋಟ ಒಣಗಿತು, ಪೇಟೆಯವರನ್ನು ಗಾಡಿ ಹತ್ತಿಸಿದರು. ಹಟ್ಟಿಯವರನ್ನು ಯಾರೂ ಕರೆಯಲಿಲ್ಲ. ದನ ಕಾಯುವವರಿಂದ ಹೊಸ ರಾಜಧಾನಿಗೆ ಏನು ಉಪಯೋಗ? ಹಾಗಾಗಿ ಉಳಿದರು, ಉಳಿದಿದ್ದಕ್ಕೆ ಹಾಡೂ ಉಳಿಯಿತು. ಈಗ ತಾತನ ಇಬ್ಬರು ಮೊಮ್ಮಕ್ಕಳು ನೆಲಮಂಗಲದ ಗೋದಾಮೊಂದರಲ್ಲಿ ಕೆಲಸಕ್ಕಿದ್ದಾರೆ. "ಅವ್ರಿಗೆ ಗಣೆ ಊದಕ್ಕೆ ಉಸುರಿಲ್ಲ ಸ್ವಾಮಿ" ಅಂದು ತಾತ ನಕ್ಕರು.

ಭಾನುವಾರ ಬೆಳಿಗ್ಗೆ ಕಗ್ಗಲಡುಗೆ ಹೋದೆವು. ಶಿರಾ ತಾಲ್ಲೂಕಿನದೇ ಹಳ್ಳಿ. ಊರೊಳಗಿನ ಹುಣಸೆಮರಗಳ ಮೇಲೆ ಬಣ್ಣದ ಕೊಕ್ಕರೆ, ಬೂದು ಬಕ ಗೂಡು ಕಟ್ಟುತ್ತವೆ. ಹಕ್ಕಿಗೆ ತೊಂದರೆ ಆಗಬಾರದು ಅಂತ ಊರವರು ಆ ಮರಗಳ ಹಣ್ಣಿನ ಆಸೆಯನ್ನೇ ಬಿಟ್ಟಿದ್ದಾರೆ. ನಮ್ಮ ಕಡೆ ಹುಣಸೆ ಅಂದರೆ ದುಡ್ಡು. ಒಂದು ಮರದ ಫಸಲು ಬಿಡುವುದು ಅಂದರೆ ಏನು ಅಂತ ಗೊತ್ತಿರುವುದರಿಂದ ನನಗೆ ಹಕ್ಕಿಗಿಂತ ಆ ಜನವೇ ಅಪರೂಪ ಅನ್ನಿಸಿದರು.

ಅಲ್ಲಿಂದ ಮಧುಗಿರಿ. ಹಿಂದೆ ಮದ್ದಗಿರಿ ಅಂತಿದ್ದರು. ಏಷ್ಯಾದಲ್ಲೇ ಎರಡನೇ ದೊಡ್ಡ ಏಕಶಿಲೆ ಅಂತ ಎಲ್ಲ ಕಡೆ ಬರೆದಿರುತ್ತೆ. ಅಳೆದವರಾರೋ, ಆದರೆ ಕೆಳಗೆ ನಿಂತು ನೋಡಿದರೆ ಮೂರನೆಯದೂ ನಾಲ್ಕನೆಯದೂ ಇರಬಹುದು ಅನ್ನುವ ಅನುಮಾನ ಬರಲ್ಲ. ರಾಜಾ ಹಿರೇಗೌಡ ಅನ್ನುವ ಪಾಳೆಯಗಾರ ಕೋಟೆ ಕಟ್ಟಿದ್ದು ಕಳೆದುಹೋದ ಕುರಿಯೊಂದು ಬೆಟ್ಟದ ಮೇಲಿಂದ ನೆಂದು ತೊಟ್ಟಿಕ್ಕುತ್ತಾ ಬಂದಿದ್ದನ್ನು ನೋಡಿ ಅಂತ ಕತೆ. ಮೇಲೆ ನೀರಿದೆ ಅಂತ ಕುರಿ ಹೇಳಿಕೊಟ್ಟಿತು. ನೀರಿಲ್ಲದ ಸೀಮೆಯಲ್ಲಿ ಕೋಟೆಯ ಜಾಗವನ್ನು ಗುರುತು ಮಾಡುವುದು ಕುರಿಯೇ! 1678ರಲ್ಲಿ ಚಿಕ್ಕದೇವರಾಜ ಒಡೆಯರ ದಂಡು ಇದನ್ನು ಗೆದ್ದಿತು, ಆಮೇಲೆ ಹೈದರ್ ಕಲ್ಲಿನಲ್ಲಿ ಬಲಪಡಿಸಿದ.

ಅರ್ಧ ದಾರಿ ಆದ ಮೇಲೆ ಮೆಟ್ಟಿಲು ಮುಗಿದು ಬರೀ ಬಂಡೆ. ಕಾಲಿಡಲು ಗುಳಿ ಕೊರೆದಿದ್ದಾರೆ, ಹಿಡಿಯಲು ಕಂಬಿ. ಹಿಂದೆ ತಿರುಗಿ ನೋಡಿದರೆ ಊರು ಹೊಟ್ಟೆಯೊಳಗೆ ಇಳಿದ ಹಾಗಾಗುತ್ತೆ. ನಾನು ಅಲ್ಲಿ ಕೂತುಬಿಟ್ಟೆ. ಕೋಲ್ಕತ್ತಾದವನು, ಬೆಟ್ಟವೇ ಕಾಣದ ಊರಲ್ಲಿ ಬೆಳೆದವನು, ಆಡಿನ ಥರ ಹತ್ತಿ ಹೋದ. ಕೂತಲ್ಲಿ ನೆನಪಾಗಿದ್ದು ಕೆಳದಿಯ ರಾಣಿ ವೀರಮ್ಮಾಜಿ. 1763ರಲ್ಲಿ ಬಿದನೂರು ಬಿದ್ದಾಗ ಹೈದರ್ ಅವಳನ್ನೂ ದತ್ತು ಮಗನನ್ನೂ ತಂದು ಇಟ್ಟಿದ್ದು ಈ ಬೆಟ್ಟದಲ್ಲಿ. ಬಿದನೂರು ಅಂದರೆ ಮಳೆ, ಅಡಿಕೆ, ಮೆಣಸು, ಮಂಜು. ಅಲ್ಲಿಂದ ಇಲ್ಲಿಗೆ! ಮರವಿಲ್ಲದ ಕಾದ ಬಂಡೆ, ನಾಲ್ಕು ದಿಕ್ಕಿಗೂ ಬಯಲು. ನಾವು ಇನ್ನೂರು ರೂಪಾಯಿ ಟೋಪಿ ಹಾಕಿಕೊಂಡು ಖುಷಿಗೆ ಹತ್ತುವ ಜಾಗದಲ್ಲಿ ಅವಳು ನಾಲ್ಕು ವರ್ಷ ಬಯಲು ನೋಡುತ್ತಾ ಕೂತಿದ್ದಳು. 1767ರಲ್ಲಿ ಮರಾಠರು ಬಿಡಿಸಿಕೊಂಡು ಹೋದರು, ಪುಣೆಯ ದಾರಿಯಲ್ಲೇ ತೀರಿಕೊಂಡಳು. ಟ್ರೆಕ್ಕಿಂಗ್ ರೀಲ್ಸ್ ಮಾಡುವವರು ಒಂದು ಸಾಲು ಇವಳ ಬಗ್ಗೆಯೂ ಹಾಕಬಹುದಿತ್ತು.

ಮಧುಗಿರಿ ತಾಲ್ಲೂಕಿನದೇ ಮೈದನಹಳ್ಳಿಯಲ್ಲಿ ಕೃಷ್ಣಮೃಗಗಳ ಜಯಮಂಗಲಿ ಮೀಸಲು ಪ್ರದೇಶ ಇದೆ, 798 ಎಕರೆ. ಹೋಗಬೇಕಿತ್ತು, ಹೊತ್ತಾಗಿತ್ತು. ಪಾವಗಡಕ್ಕೂ ಹೋಗಲಿಲ್ಲ. ಶನಿಮಹಾತ್ಮನ ಊರು, ಶನಿವಾರ ಹೋಗಿದ್ದರೆ ನಿಲ್ಲಲೂ ಜಾಗ ಸಿಗುತ್ತಿರಲಿಲ್ಲ ಅನ್ನಿ. ಆದರೆ ಪಾವಗಡದ ಮಾತೊಂದು ಹೇಳಲೇಬೇಕು. ತಿರುಮಣಿ ಸುತ್ತಿನ ಐದು ಹಳ್ಳಿಗಳಲ್ಲಿ ಸುಮಾರು 13,000 ಎಕರೆ ಮೇಲೆ ಸೋಲಾರ್ ಪಾರ್ಕ್ ಇದೆ, 2,050 ಮೆಗಾವಾಟಿನದು. ಜಮೀನು ರೈತರದೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿ ಅಂತ ಗುತ್ತಿಗೆ ಶುರುವಾಯಿತು. ನಮ್ಮ ಸಂಬಂಧಿಕರೊಬ್ಬರದೂ ಆರು ಎಕರೆ ಹೋಗಿದೆ. ಮಳೆ ನಂಬಿ ಕಡ್ಲೇಕಾಯಿ ಹಾಕಿ ಕೈ ಸುಟ್ಟುಕೊಂಡವರು, ಈಗ ನಿಯತ್ತಾಗಿ ದುಡ್ಡು ಬರುತ್ತೆ. ಅವರಿಗೆ ಒಂದೇ ತಕರಾರು: "ಬೆಳಗ್ಗೆ ಎದ್ದು ಎಲ್ಲಿಗೆ ಹೋಗ್ಬೇಕೋ ಗೊತ್ತಾಗಲ್ಲ." ಜಮೀನು ಮಾರಿಲ್ಲ, ಇಟ್ಟುಕೊಂಡಿದ್ದಾರೆ. ಆದರೆ ಬಿಸಿಲು ಮಾತ್ರ ಅವರದಲ್ಲ, ತಂತಿಯಲ್ಲಿ ಹೋಗುತ್ತೆ. "ನಮ್ಮ ಕಡೆ ಏನೂ ಇಲ್ಲ, ಬರೀ ಬಿಸಿಲು" ಅಂತ ನಾನು ನಗಾಡುತ್ತಿದ್ದೆನಲ್ಲ, ಆ ಬಿಸಿಲಿಗೂ ಗಿರಾಕಿ ಬಂದಿದ್ದಾರೆ.

ಕೊರಟಗೆರೆ ಮೇಲೆ ವಾಪಸಾದೆವು. ಸಿದ್ಧರಬೆಟ್ಟದ ಕಡೆಯಿಂದ, ಗೊರವನಹಳ್ಳಿ ಲಕ್ಷ್ಮಿಯ ಕಡೆಯಿಂದ ಇಳಿದು ಬರುತ್ತಿದ್ದ ಕಾರುಗಳೆಲ್ಲ ನಮ್ಮ ಜೊತೆ ಸೇರಿಕೊಂಡವು. ದಾಬಸ್‌ಪೇಟೆ ಹೊತ್ತಿಗೆ ಭಾನುವಾರದ ಸಂಜೆಯ ಟ್ರಾಫಿಕ್ಕು. ಮೂರು ಲೇನಿನ ತುಂಬ ಕೆಂಪು ದೀಪ, ಎಲ್ಲರ ಮುಖವೂ ಬೆಂಗಳೂರಿನ ಕಡೆ. ಹಿಂದಿನ ಸೀಟಿನಲ್ಲಿ ಇಬ್ಬರೂ ನಿದ್ದೆ ಹೋಗಿದ್ದರು. ಡಿಕ್ಕಿಯಲ್ಲಿ ಅಮ್ಮ ಕಟ್ಟಿಕೊಟ್ಟ ಹುಣಸೆಹಣ್ಣು, ಹುರುಳಿ, ಅರ್ಧ ಮೂಟೆ ಕಡ್ಲೇಕಾಯಿ.

ಬೆಳಿಗ್ಗೆ ಹೊರಡುವಾಗ ಅಪ್ಪ ಕಾರಿನ ಹತ್ತಿರ ಬಂದು ಕಿಟಕಿಗೆ ಕೈಯಿಟ್ಟು ನಿಂತಿದ್ದರು. ಜಮೀನಿನ ಮಾತು ನಾನು ಎತ್ತಲಿಲ್ಲ, ಅವರೇ ಎತ್ತಿದರು. ಖಾಸಿಂ ಖಾನನ ಕತೆಯನ್ನು ರಾತ್ರಿ ಊಟಕ್ಕೆ ಕೂತಾಗ ಅವರಿಗೂ ಹೇಳಿದ್ದೆ. ಬೆಂಗಳೂರು ಮಾರಿ ಶಿರಾ ಇಟ್ಟುಕೊಂಡವನ ವಿಷಯ ಕೇಳಿ ತುಂಬಾ ಹೊತ್ತು ನಕ್ಕಿದ್ದರು.

"ಮೂರು ಲಕ್ಷನಾ?" ಅಂತ ಮತ್ತೊಂದು ಸಲ ಕೇಳಿದರು.

"ಹೂಂ, ಮೂರು ಲಕ್ಷ."

"ಈಗ ನಿಂಗೆ ಎಷ್ಟು ಕಮ್ಮಿ ಬೀಳ್ತೈತೆ?"

ಹೇಳಿದೆ. ಅವರು ಹೊಲದ ಕಡೆ ನೋಡಿದರು. ಆ ಎರಡು ಎಕರೆಯ ಮೂಲೆಯಲ್ಲಿ ಅವರ ಅಪ್ಪ ನೆಟ್ಟ ಹುಣಸೆಮರ ಇದೆ. ಈ ವರ್ಷ ಚೆನ್ನಾಗಿ ಹೂ ಕಟ್ಟಿತ್ತು.

"ಫಸಲು ಬಡಿದು ಆಗ್ಲಿ ಇರು" ಅಂದರು. "ಆಮೇಲೆ ಪತ್ರ ತಗಂಬಾ."

ಹುಣಸೆ ಬಡಿಯುವುದು ಶಿವರಾತ್ರಿ ಆಸುಪಾಸಿಗೆ. ಕುರುಕ್ಷೇತ್ರವೂ ಆಗಲೇ.